ವಾಸಿಲ್ ಓಡಿಸಿದ ಬಂಡಿಯ ಸೈರನ್

ನನ್ನ ಗಂಡ ಎಮಿಲ್ ಹಾವ್ರಿಲಾನ ಶೆಡ್ಡಿನೊಳಗೆ ಕಾಲಿಟ್ಟವರು ಮೊದಲು ನಕ್ಕುಬಿಡುತ್ತಿದ್ದರು. ಮೂರು ಗೋಡೆಗೂ ಸೂರಿನವರೆಗೆ ಹಲಗೆ, ಹಲಗೆಯ ತುಂಬ ಹಳೆಯ ಫೈರ್ ಎಂಜಿನ್ನು, ಪೊಲೀಸ್ ಕಾರು, ಆಂಬುಲೆನ್ಸುಗಳಿಂದ ಬಿಚ್ಚಿ ತಂದ ದೀಪಗಳು, ಸೈರನ್ನುಗಳು. ನಮ್ಮ ಊರು ಹೆಕ್ಲರ್ ಗ್ಯಾಪಿನಲ್ಲಿ ಕಲ್ಲಿದ್ದಲ ಗಣಿಗಳು ಮುಚ್ಚಿದ ಮೇಲೆ ಗಂಡಸರು ಒಬ್ಬೊಬ್ಬರು ಒಂದೊಂದನ್ನು ಹಚ್ಚಿಕೊಂಡರು. ಕೆಲವರು ಪಾರಿವಾಳ, ಕೆಲವರು ಬೇಟೆನಾಯಿ, ಬಹಳ ಜನ ಬಿಯರು. ಎಮಿಲ್ ಇದನ್ನು ಹಚ್ಚಿಕೊಂಡ. ನಾವಿಬ್ಬರೂ ಒಂದೇ ಶರ್ಟ್ ಫ್ಯಾಕ್ಟರಿಯಲ್ಲಿ ದುಡಿದವರು. ನಾನು ಕಾಲರ್ ಹೊಲಿಯುತ್ತಿದ್ದೆ, ಅವನು ಹೊಲಿಗೆ ಯಂತ್ರಗಳ ಮೋಟಾರು ರಿಪೇರಿ ಮಾಡುತ್ತಿದ್ದ.

ಕೂಡಿಹಾಕುವುದಷ್ಟೇ ಅವನಿಗೆ ಮುಖ್ಯವಾಗಿರಲಿಲ್ಲ. ಪ್ರತಿಯೊಂದೂ ಯಾವ ವರ್ಷದ್ದು ಎಂದು ಗೊತ್ತಾಗಬೇಕಿತ್ತು. ತಗಡಿನ ಮೇಲಿನ ನಂಬರು ಸವೆದಿದ್ದರೂ ಬೇರೆ ದಾರಿಗಳಿದ್ದವು. ಆರು ವೋಲ್ಟಿನದಾದರೆ ಅದು ಹಳೆಯ ಕಾಲದ್ದು, ಹನ್ನೆರಡಾದರೆ ಈಚಿನದು. ಯುದ್ಧದ ವರ್ಷಗಳಲ್ಲಿ ಕ್ರೋಮ್ ಸಿಗದೆ ಬರೀ ಬಣ್ಣ ಬಳಿದು ಕಳಿಸುತ್ತಿದ್ದರಂತೆ. ಗಾಜಿನ ಒಳಮೈಯ ಗೆರೆಗಳನ್ನು ಬೆರಳಲ್ಲಿ ಸವರಿ, ಸ್ಕ್ರೂ ತಲೆ ನೋಡಿ, ಬಣ್ಣದ ಕೆಳಗೆ ಇನ್ನೆಷ್ಟು ಬಣ್ಣವಿದೆ ಎಂದು ಉಗುರಲ್ಲಿ ಕೆರೆದು, ಆಮೇಲೆ ವರ್ಷ ಹೇಳುತ್ತಿದ್ದ. ಶವಸಂಸ್ಕಾರದವರ ಕಾರಿನದೊಂದು ಕೆಂಪು ದೀಪವಿತ್ತು. ಹಿಂದೆ ನಮ್ಮಲ್ಲಿ ಕಾಯಿಲೆಯವರನ್ನೂ ಹೆಣವನ್ನೂ ಒಯ್ಯುತ್ತಿದ್ದದ್ದು ಒಂದೇ ಕಾರು. ಆಸ್ಪತ್ರೆಗಾದರೆ ದೀಪವನ್ನು ನೆತ್ತಿಗೆ ಸಿಕ್ಕಿಸುತ್ತಿದ್ದರು, ಸಮಾಧಿಗಾದರೆ ತೆಗೆದು ಸೀಟಿನ ಕೆಳಗೆ ಇಡುತ್ತಿದ್ದರು. ಅದನ್ನು ತೋರಿಸುವಾಗೆಲ್ಲ ಎಮಿಲ್, "ದಾರೀಲೇ ಉಸಿರು ನಿಂತ್ರೆ ಡ್ರೈವರ್ರು ಕೈ ಹೊರಗೆ ಹಾಕಿ ದೀಪ ಕಿತ್ಕೊಳ್ಳೋನು" ಎನ್ನುತ್ತಿದ್ದ. ಕೇಳಿದವರು ನಗಬೇಕೋ ಬೇಡವೋ ಎಂದು ನನ್ನ ಮುಖ ನೋಡುತ್ತಿದ್ದರು.

ಅವನು ನಿಜವಾಗಿ ಹುಡುಕುತ್ತಿದ್ದದ್ದು ಒಂದೇ ಒಂದು ಸೈರನ್ ಎನ್ನುವುದು ನನಗೆ ಮದುವೆಯಾಗಿ ಬಹಳ ವರ್ಷಗಳ ಮೇಲೆ ತಿಳಿಯಿತು.

ಎಮಿಲ್‌ಗೆ ವಾಸಿಲ್ ಎಂಬ ಅಣ್ಣನಿದ್ದ. ವಯಸ್ಸಿನಲ್ಲಿ ಬಹಳ ದೊಡ್ಡವನು, ಹೆಚ್ಚುಕಡಿಮೆ ಅಪ್ಪನಂತೆ. ಪಾಳಿ ಮುಗಿಸಿ ಗಣಿಯಿಂದ ಮೇಲೆ ಬಂದರೆ ಉಳಿದ ಹೊತ್ತೆಲ್ಲ ಊರಿನ ಸ್ವಯಂಸೇವಕ ಅಗ್ನಿಶಾಮಕ ದಳದಲ್ಲಿರುತ್ತಿದ್ದ, ಅಲ್ಲಿ ಬೆಂಕಿ ಆರಿಸುವ ಬಂಡಿ ಓಡಿಸುವವನು ಅವನೇ. ೧೯೪೯ರ ಫೆಬ್ರವರಿಯ ಒಂದು ಬೆಳಿಗ್ಗೆ ಚರ್ಚ್ ಬೀದಿಯಲ್ಲಿ ಯಾರದೋ ಮನೆಯ ಹೊಗೆಕೊಳವೆಗೆ ಬೆಂಕಿ ಹತ್ತಿತು. ದಳದ ಕಟ್ಟಡದ ಮೇಲಿನ ದೊಡ್ಡ ಕೂಗುಕೊಳವೆ ಊರಿಗೆಲ್ಲ ಕೇಳುವಂತೆ ಕೂಗತೊಡಗಿತು. ಮೊದಲು ಬಂದವನು ಬಂಡಿ ತೆಗೆಯಬೇಕು, ಉಳಿದವರು ಹಿಂದಿನಿಂದ ಓಡಿ ಬರಬೇಕು ಎನ್ನುವುದು ಆಗಿನ ಕ್ರಮ. ವಾಸಿಲ್ ಒಬ್ಬನೇ ಹೊರಟ. ರೈಲು ಸೇತುವೆಯ ಹತ್ತಿರದ ಕೂಡುರಸ್ತೆಯಲ್ಲಿ ಪಕ್ಕದಿಂದ ಬಂದ ಕಾರಿಗೆ ಬಂಡಿ ಬಡಿಯಿತು. ಬಡಿದ ರಭಸಕ್ಕೆ ಕಾರನ್ನು ತಳ್ಳಿಕೊಂಡು ಹೋಗಿ ಸೇತುವೆಯ ಕಲ್ಲುಗೋಡೆಗೆ ಅಪ್ಪಳಿಸಿತು. ಕಾರಿನಲ್ಲಿದ್ದವಳು ಪರ್ಲ್ ಟ್ರಾಟ್‌ಮನ್, ಪೇಂಟ್ ಅಂಗಡಿಯ ಹಾರ್ಲನ್ ಟ್ರಾಟ್‌ಮನ್‌ನ ಹೆಂಡತಿ. ಇನ್ನೂ ಮೂವತ್ತು ತುಂಬಿರಲಿಲ್ಲ. ಆಸ್ಪತ್ರೆ ಮುಟ್ಟುವ ಮೊದಲೇ ತೀರಿಕೊಂಡಳು.

ವಿಚಾರಣೆ ಮಾಡಿದವರು ಅದನ್ನು ಅಪಘಾತ ಎಂದರು, ಅಲ್ಲಿಗೆ ಮುಗಿಸಿದರು. ಊರು ಮುಗಿಸಲಿಲ್ಲ. ಬಂಡಿಯ ಸೈರನ್ ಕೂಗಲಿಲ್ಲ, ಕೂಗಿದ್ದರೆ ನನ್ನ ಪರ್ಲ್ ನಿಲ್ಲಿಸುತ್ತಿದ್ದಳು ಎಂದು ಟ್ರಾಟ್‌ಮನ್ ಸಿಕ್ಕವರಿಗೆಲ್ಲ ಹೇಳಿದ. ಪಾದದ ಕೆಳಗಿನ ಸೈರನ್ ಗುಂಡಿಯನ್ನು ಒತ್ತಿ ಹಿಡಿದಿದ್ದೆ ಎಂದು ವಾಸಿಲ್ ಹೇಳಿದ. ಕೇಳಿದ್ದೇವೆ ಎಂದು ಕೆಲವರು, ಕೇಳಲಿಲ್ಲ ಎಂದು ಕೆಲವರು. ಕಟ್ಟಡದ ಮೇಲಿನ ಕೂಗುಕೊಳವೆ ಇನ್ನೂ ಕೂಗುತ್ತಲೇ ಇದ್ದುದರಿಂದ ಯಾವುದರ ಸದ್ದು ಯಾವುದು ಎಂದು ಯಾರಿಗೂ ಹೇಳಲು ಬರುತ್ತಿರಲಿಲ್ಲ. ಕಡೆಗೆ ಊರು ಸತ್ತ ಹೆಂಗಸಿನ ಕಡೆಗೆ ವಾಲಿತು. ವಾಸಿಲ್ ಬಾರಿನೊಳಕ್ಕೆ ಬಂದರೆ ಯಾರಾದರೊಬ್ಬರು ತುಟಿ ಚೂಪು ಮಾಡಿಕೊಂಡು ಸಣ್ಣಗೆ ಸೈರನ್ ಸದ್ದು ಮಾಡುವರು. "ಈಗ ಕೂಗ್ತಿದೆಯಲ್ಲಯ್ಯಾ, ಅವತ್ತೇನಾಗಿತ್ತು?" ಎಂದು ಇನ್ನೊಬ್ಬ ಕೇಳುವನು. ವಾಸಿಲ್ ಕುಡಿಯದೆ ವಾಪಸು ಬರುತ್ತಿದ್ದನಂತೆ. ಮಾರನೆಯ ವರ್ಷ ಕ್ಲೀವ್‌ಲ್ಯಾಂಡಿಗೆ ಹೋಗಿ ಉಕ್ಕಿನ ಕಾರ್ಖಾನೆ ಸೇರಿದ. ಅಲ್ಲಿ ಕುಡಿತಕ್ಕೆ ಬಿದ್ದ. ಮದುವೆಯಾಗಲಿಲ್ಲ. ನಲವತ್ತು ದಾಟಿ ಸ್ವಲ್ಪ ದಿನಕ್ಕೆ ಬಾಡಿಗೆ ಕೋಣೆಯಲ್ಲಿ ಸತ್ತ. ಮಣ್ಣೂ ಅಲ್ಲೇ ಆಯಿತು. "ನನ್ನ ಮಗ ಒತ್ತಿದೆ ಅಂದ್ರೆ ಒತ್ತಿದ್ದಾನೆ" ಎಂದು ನನ್ನ ಅತ್ತೆ ಸಾಯುವ ತನಕ ಹೇಳುತ್ತಿದ್ದರು. ಹೇಳುತ್ತಿದ್ದದ್ದು ಯಾರಿಗೂ ಅಲ್ಲ, ಎಲೆಕೋಸು ಹೆಚ್ಚುತ್ತಾ, ಕೈಯಲ್ಲಿದ್ದ ಚಾಕುವಿಗೆ.

ಜಜ್ಜಿಹೋದ ಬಂಡಿಯನ್ನು ದಳದವರು ಗುಜರಿಗೆ ಹಾಕಿದ್ದರು. ಅದರ ಮುಂಭಾಗದ ಸೈರನ್ ಎಲ್ಲೋ ಇದ್ದೇ ಇರುತ್ತದೆ ಎಂದು ಎಮಿಲ್ ನಂಬಿದ್ದ. ಹಿತ್ತಾಳೆ, ತಾಮ್ರ ಇದ್ದ ಸಾಮಾನನ್ನು ಆ ಕಾಲದ ಜನ ಸುಮ್ಮನೆ ಕರಗಿಸುವುದಿಲ್ಲ ಎನ್ನುತ್ತಿದ್ದ. ಸಿಕ್ಕರೆ ಏನು ಮಾಡುತ್ತೀಯ ಎಂದು ನಾನು ಒಮ್ಮೆ ಕೇಳಿದೆ. ಅವನು ಅಡುಗೆಮನೆಯಿಂದ ಒಂದು ಡಬರಿ, ಒಂದು ಸೌಟು ತಂದು ತೋರಿಸಿದ. ಸೈರನ್ನಿನ ಒಳಗೆ ರೆಕ್ಕೆಗಳಿರುವ ಒಂದು ಚಕ್ರ, ಅದರ ಸುತ್ತ ಸೀಳುಗಳಿರುವ ಒಂದು ಡಬ್ಬಿ. ಮೋಟಾರು ಚಕ್ರವನ್ನು ತಿರುಗಿಸುತ್ತದೆ, ಗಾಳಿ ಸೀಳುಗಳಲ್ಲಿ ನುಗ್ಗಿ ಕೂಗುತ್ತದೆ. ಗುಂಡಿ ಬಿಟ್ಟ ಮೇಲೂ ಚಕ್ರ ಬಹಳ ಹೊತ್ತು ತಿರುಗುತ್ತಲೇ ಇರುತ್ತದೆ.

"ತಿರುಗ್ತಿದ್ದಾಗ ಏಟು ಬಿದ್ರೆ ಡಬ್ಬಿ ಒಳಗೆ ಸುತ್ತಲೂ ಗೀರಿರತ್ತೆ. ನಿಂತಿದ್ದಾಗ ಬಿದ್ರೆ ಒಂದೇ ಕಡೆ ಗುರುತು. ಅಷ್ಟೇ ಇರ್ಮಾ. ಬಿಚ್ಚಿ ನೋಡಿದ್ರೆ ಸಾಕು" ಎಂದ.

ಸಿಕ್ಕಿದ್ದು ೧೯೯೪ರ ಜೂನಿನಲ್ಲಿ. ಹ್ಯಾರಿಸ್‌ಬರ್ಗಿನ ಆಚೆ ಒಂದು ಹುಲ್ಲುಗಾವಲಿನಲ್ಲಿ ಹಳೆಯ ಫೈರ್ ಎಂಜಿನ್ನಿನ ಹುಚ್ಚಿನವರೆಲ್ಲ ವರ್ಷಕ್ಕೊಮ್ಮೆ ಸೇರುತ್ತಾರೆ. ನಾನು ಮಡಿಸುವ ಕುರ್ಚಿ, ಹೆಣಿಗೆ ತೆಗೆದುಕೊಂಡು ಜೊತೆಗೆ ಹೋಗುತ್ತಿದ್ದೆ. ಮೇರಿಲ್ಯಾಂಡಿನ ಒಬ್ಬ ದಪ್ಪ ಮನುಷ್ಯ ಟ್ರಕ್ಕಿನ ಹಿಂದೆ ಟಾರ್ಪಾಲು ಹಾಸಿಕೊಂಡು ಸಾಮಾನು ಹರಡಿದ್ದ. ಅದರಲ್ಲಿ ಒಂದು ಸೈರನ್, ಮೂತಿಯ ಒಂದು ಪಕ್ಕ ಒಳಕ್ಕೆ ನೆಗ್ಗಿಹೋಗಿದೆ. ಎಮಿಲ್ ಅದರ ಮುಂದೆ ಕುಕ್ಕುರುಗಾಲಲ್ಲಿ ಕೂತ. ಮೇಲಿನ ಕೆಂಪು ಬಣ್ಣ ಎದ್ದ ಕಡೆ ಅಡಿಯಲ್ಲಿ ಕಪ್ಪುಗೆಂಪು ಕಾಣುತ್ತಿತ್ತು. ನಮ್ಮ ಊರಿನ ದಳದ ಬಂಡಿಗಳಿಗೆ ಬಳಿಯುತ್ತಿದ್ದದ್ದು ಆ ಬಣ್ಣವೇ. ಕಾಲಿನ ನಾಲ್ಕು ಬೋಲ್ಟುಗಳಲ್ಲಿ ಒಂದು ಚೌಕ ತಲೆಯದು, ಗಣಿಯ ತೊಟ್ಟಿಬಂಡಿಗೆ ಹಾಕುವಂಥದ್ದು. ಅಸಲಿ ಬೋಲ್ಟು ಕಳೆದುಹೋದಾಗ ವಾಸಿಲ್ ಗಣಿಯಿಂದ ತಂದು ಹಾಕಿದ್ದು. ಹುಡುಗನಾಗಿದ್ದಾಗ ಶನಿವಾರ ಶನಿವಾರ ಅದನ್ನು ಉಜ್ಜಿ ಹೊಳೆಯಿಸಿದ್ದು ಎಮಿಲ್‌ನ ಕೈಯೇ.

"ಒಡೆದ ಮಾಲು ಯಾಕೆ ಯಜಮಾನ್ರೇ? ಚೆನ್ನಾಗಿರೋದು ಇದೆ, ತೋರಿಸ್ತೀನಿ" ಎಂದ ಆ ಮನುಷ್ಯ.

"ಇದೇ ಇರ್ಲಿ" ಎಂದ ಎಮಿಲ್. ಚೌಕಾಸಿ ಮಾಡದೆ ಏನನ್ನೂ ಕೊಳ್ಳದವನು ಅಂದು ಕೇಳಿದಷ್ಟನ್ನು ಎಣಿಸಿ ಕೊಟ್ಟ. ಅದನ್ನು ಕಂಡೇ ನನಗೆ ಭಯವಾಯಿತು.

ಮನೆಗೆ ತಂದವನು ಕೂಡಲೇ ಬಿಚ್ಚಲಿಲ್ಲ. ಮೊದಲು ಅದರ ವಯಸ್ಸು ಗೊತ್ತುಮಾಡಬೇಕೆಂದ. ತಗಡನ್ನು ಸೀಮೆಎಣ್ಣೆಯಲ್ಲಿ ಒರೆಸಿ ನಂಬರು ಓದಿದ, ತನ್ನಲ್ಲಿದ್ದ ಬೇರೆ ಸೈರನ್ನುಗಳ ನಂಬರಿನ ಪಕ್ಕ ಇಟ್ಟು ನೋಡಿದ, ಯುದ್ಧಕ್ಕೆ ಮುಂಚೆ ತಯಾರಾದದ್ದು ಎಂದು ಖಾತ್ರಿ ಮಾಡಿಕೊಂಡ. ದಳದವರು ಆ ಬಂಡಿ ತಂದದ್ದೂ ಆ ಕಾಲದಲ್ಲೇ. ಆದರೂ ಇನ್ನೂ ಏನೋ ನೋಡಬೇಕೆಂದು ದಿನ ತಳ್ಳಿದ. ಭಾನುವಾರ ಚರ್ಚಿನಿಂದ ಬಂದು, ಒಳ್ಳೆಯ ಶರ್ಟನ್ನು ಬದಲಾಯಿಸದೆ ಹಾಗೇ ಶೆಡ್ಡಿಗೆ ಹೋದ. ನಾನು ಊಟಕ್ಕೆ ಕರೆಯಲು ಹೋದಾಗ ಡಬ್ಬಿ ಎರಡು ಹೋಳಾಗಿ ಮೇಜಿನ ಮೇಲಿತ್ತು. ಅವನು ಸ್ಟೂಲಿನ ಮೇಲೆ ಕೂತು ಕನ್ನಡಕವನ್ನು ಶರ್ಟಿನ ತುದಿಯಿಂದ ಒರೆಸುತ್ತಿದ್ದ.

ನಾನು ಬಗ್ಗಿ ನೋಡಿದೆ. ಡಬ್ಬಿಯ ಒಳಗೋಡೆಯಲ್ಲಿ ಒಂದು ಕಡೆ ಮೂರು ಗುರುತು, ಮೂರು ರೆಕ್ಕೆಗಳು ಊರಿದ ಗುರುತು, ಮಣ್ಣಿನಲ್ಲಿ ಹಕ್ಕಿಯ ಕಾಲು ಊರಿದಷ್ಟು ಸ್ಪಷ್ಟ. ಉಳಿದ ಸುತ್ತೆಲ್ಲ ನುಣ್ಣಗಿತ್ತು. ಒಂದು ಗೀರೂ ಇರಲಿಲ್ಲ.

"ತಿರುಗ್ತಾ ಇರ್ಲಿಲ್ಲ" ಎಂದ ಅವನು.

ಅವನ ಬೆನ್ನ ಮೇಲೆ ಕೈ ಇಟ್ಟೆ. ಅಂಗಿ ಬೆವರಿನಿಂದ ಒದ್ದೆಯಾಗಿತ್ತು.

ಊಟವಾದ ಮೇಲೆ ಮೋಟಾರನ್ನೂ ಬಿಚ್ಚಿದ. ಅದರೊಳಗೆ ಇನ್ನೊಂದು ಗುರುತು ಸಿಕ್ಕಿತು. ಕರೆಂಟು ಒಯ್ಯುವ ಕಾರ್ಬನ್ ತುಂಡುಗಳು ಕೂರುವ ತಾಮ್ರದ ಬಳೆಯ ಮೇಲೆ ಎದುರುಬದುರಾಗಿ ಎರಡು ಕಡೆ ಸುಟ್ಟ ಕಲೆ. ಹೊಲಿಗೆ ಯಂತ್ರಗಳಲ್ಲಿ ಅದನ್ನು ಅವನು ನೂರಾರು ಸಲ ಕಂಡಿದ್ದ. ಬಟ್ಟೆ ಸಿಕ್ಕಿಕೊಂಡು ಮೋಟಾರು ತಿರುಗಲಾರದೆ ನಿಂತಿದ್ದರೂ ಹುಡುಗಿಯರು ಪೆಡಲು ಒತ್ತಿ ಹಿಡಿದರೆ ಕರೆಂಟು ಒಂದೇ ಜಾಗದಲ್ಲಿ ಹರಿದು ಹೀಗೇ ಸುಡುತ್ತದೆ. ಅಂದರೆ ಯಾರೋ ಗುಂಡಿ ಒತ್ತಿದ್ದಾರೆ, ಚಕ್ರ ತಿರುಗಿಲ್ಲ. ಚಳಿಗಾಲದಲ್ಲಿ ಮೂತಿಯೊಳಗೆ ನೀರು ಹೊಕ್ಕು ಹೆಪ್ಪುಗಟ್ಟಿದರೆ ಸೈರನ್ ಹಾಗೆ ಹಿಡಿದುಕೊಳ್ಳುವುದುಂಟಂತೆ. ಗುಂಡಿ ಒತ್ತಿದ ವಾಸಿಲ್‌ಗೆ ಕಟ್ಟಡದ ಮೇಲಿನ ಕೂಗು ಕೇಳುತ್ತಲೇ ಇದ್ದುದರಿಂದ ತನ್ನದೂ ಕೂಗುತ್ತಿದೆ ಎಂದೇ ಅನ್ನಿಸಿರಬಹುದು.

ನನಗೆ ಉಸಿರು ಬಂದಂತಾಯಿತು. ಹಾಗಾದರೆ ಸರಿಯಾಯಿತಲ್ಲ, ವಾಸಿಲ್ ಹೇಳಿದ್ದೂ ನಿಜವೇ ಆಯಿತಲ್ಲ ಎಂದೆ. ಎಮಿಲ್ ಅಡ್ಡಡ್ಡ ತಲೆಯಾಡಿಸಿದ. ಈ ಕಲೆ ಯಾವತ್ತಿನದು ಎಂದು ಹೇಳಲಾಗುವುದಿಲ್ಲ ಎಂದ. ಗುಜರಿಯವನು ಕೆಲಸ ಮಾಡುತ್ತದೋ ನೋಡೋಣವೆಂದು ಬ್ಯಾಟರಿಗೆ ಹಚ್ಚಿರಬಹುದು. ಜಜ್ಜಿಹೋದ ಚಕ್ರ ತಿರುಗದೆ ಆಗಲೂ ಹೀಗೇ ಸುಡುತ್ತದೆ. ಗಾಜಿಗೆ, ಬಣ್ಣಕ್ಕೆ, ಸ್ಕ್ರೂವಿಗೆ ವರ್ಷ ಹೇಳಬಲ್ಲವನಿಗೆ ಸುಟ್ಟ ಕಲೆಗೆ ದಿನ ಹೇಳಲು ಬರಲಿಲ್ಲ. ಕೈಯಲ್ಲಿ ಭೂತಗನ್ನಡಿ ಹಿಡಿದು ಮತ್ತೆ ಮತ್ತೆ ನೋಡಿದ. ಬೆಳಕು ಸಾಲದೆಂದು ಬಾಗಿಲ ಹತ್ತಿರ ಹೋಗಿ ನೋಡಿದ.

ಮೂರು ನಾಲ್ಕು ದಿನ ಅವನು ಮತ್ತೆ ಮತ್ತೆ ಶೆಡ್ಡಿಗೆ ಹೋಗಿ ಬಂದ. ತಿಂದದ್ದು ರುಚಿಸಲಿಲ್ಲ. ಆಮೇಲೆ ಟ್ರಾಟ್‌ಮನ್‌ನ ಮನೆಗೆ ಹೋಗಿಬರುತ್ತೇನೆ ಎಂದ. ನನಗೆ ಸಿಟ್ಟು ಬಂತು. ನಲವತ್ತೈದು ವರ್ಷ ನಮ್ಮನ್ನು ಕಂಡರೆ ರಸ್ತೆ ದಾಟಿ ಆ ಬದಿಗೆ ಹೋದ ಮನುಷ್ಯ. ನನ್ನ ಅತ್ತೆಯ ಮಣ್ಣಿಗೂ ಬರಲಿಲ್ಲ.

"ಯಾರಿಗೆ ಗೊತ್ತಾಗತ್ತೆ? ಮತ್ತೆ ಜೋಡಿಸಿ ಮೇಲೆ ಇಟ್ಬಿಡು. ನಿಮ್ಮಮ್ಮ ಬದುಕಿದ್ದಿದ್ರೆ ಅದನ್ನೇ ಹೇಳೋರು" ಎಂದೆ.

"ಸುತ್ತಲೂ ಗೀರು ಇದ್ದಿದ್ರೆ ಅವತ್ತೇ ಹೋಗಿ ಅವನ ಬಾಗ್ಲು ಬಡೀತಿದ್ದೆ ಇರ್ಮಾ. ಮೇಜಿನ ಮೇಲೆ ಇಟ್ಟು ನೋಡ್ಕೋ ಅಂತಿದ್ದೆ. ಈಗ ಇಲ್ಲ ಅಂತ ಮನೇಲಿ ಕೂತ್ಕೊಳ್ಳೋದಾ?"

ನಾನು ಏಪ್ರನ್ ಬಿಚ್ಚಿಟ್ಟೆ. ಜೊತೆಗೆ ಹೋದೆ.

ಟ್ರಾಟ್‌ಮನ್‌ಗೆ ಆಗ ಎಪ್ಪತ್ತರ ಮೇಲೆ. ಮತ್ತೆ ಮದುವೆಯಾಗಿರಲಿಲ್ಲ. ಬಾಗಿಲು ತೆಗೆದವನು ನಮ್ಮನ್ನು ಒಳಗೆ ಕರೆಯಲಿಲ್ಲ, ಹೋಗಿ ಎಂದೂ ಅನ್ನಲಿಲ್ಲ. ಎಮಿಲ್ ಟೋಪಿ ಕೈಯಲ್ಲಿ ಹಿಡಿದು ಅಲ್ಲೇ ನಿಂತು ಹೇಳಿದ: ಆ ಸೈರನ್ ಸಿಕ್ಕಿದೆ, ಅದೇ ಎನ್ನುವುದರಲ್ಲಿ ಅನುಮಾನವಿಲ್ಲ, ಒಳಗೆ ಬಿಚ್ಚಿ ನೋಡಿದ್ದೇನೆ.

"ನೀವು ಹೇಳಿದ್ದೇ ಸರಿ, ಟ್ರಾಟ್‌ಮನ್ ಅವ್ರೇ. ಅದು ಕೂಗ್ಲಿಲ್ಲ."

ಮುದುಕ ಬಾಗಿಲ ಚೌಕಟ್ಟು ಹಿಡಿದುಕೊಂಡ. "ಖಾತ್ರಿನಾ?" ಎಂದು ಕೇಳಿದ.

"ಖಾತ್ರಿ. ಏಟು ಬಿದ್ದಾಗ ಚಕ್ರ ನಿಂತಿತ್ತು."

ಮುದುಕ ಒಳಗೆ ಹೋಗಿ ಅಡುಗೆಮನೆಯ ಕುರ್ಚಿಯಲ್ಲಿ ಕುಸಿದ. ನಾವು ಕರೆಯದಿದ್ದರೂ ಹಿಂದೆ ಹೋದೆವು, ಬಿದ್ದಾನೆಂಬ ಭಯದಿಂದ. ಅವನು ಗೆದ್ದವನ ಹಾಗೆ ಏನಾದರೂ ಹೇಳುತ್ತಾನೆ, ಕೇಳಿಸಿಕೊಳ್ಳಬೇಕಾಗುತ್ತದೆ ಎಂದು ನಾನು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಅವನು ಎರಡೂ ಅಂಗೈಯಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದ. ನಾನು ಲೋಟದಲ್ಲಿ ನೀರು ತುಂಬಿ ಅವನ ಮುಂದಿಟ್ಟೆ.

"ಕಾರಿಗೆ ರೇಡಿಯೋ ಹಾಕ್ಸಿದ್ದು ನಾನು, ಕ್ರಿಸ್‌ಮಸ್‌ಗೆ" ಎಂದ ಕಣ್ಣೊರೆಸಿಕೊಂಡು. "ಅವಳು ಬೇಡ ಅಂದ್ಲು, ದುಡ್ಡು ದಂಡ ಅಂದ್ಲು. ಆಮೇಲೆ ಅದನ್ನ ಜೋರಾಗಿ ಹಾಕ್ಕೊಂಡು ತಾನೂ ಹಾಡ್ತಾ ಹೋಗೋಳು. ಬೀದಿ ತುದೀಲಿ ಬರ್ತಿರೋದು ಮನೆಗೇ ಕೇಳಿಸೋದು. ಸೈರನ್ ಕೂಗ್ಲಿಲ್ಲ, ಕೂಗ್ಲಿಲ್ಲ ಅಂತ ಊರಿಗೆಲ್ಲ ಹೇಳ್ದೆ. ಆದ್ರೆ ಕೂಗಿತ್ತೇನೋ, ನಾನ್ ಹಾಕ್ಸಿದ ರೇಡಿಯೋದಲ್ಲಿ ಅವಳಿಗೆ ಕೇಳಿಸ್ಲಿಲ್ವೇನೋ ಅಂತ ಒಳಗೊಳಗೇ..."

ಲೋಟಕ್ಕೆ ಕೈ ಚಾಚಿದ. ಇಷ್ಟು ವರ್ಷ ಅವನು ರಸ್ತೆ ದಾಟಿ ಹೋಗುತ್ತಿದ್ದದ್ದು ನಮ್ಮ ಮೇಲಿನ ದ್ವೇಷಕ್ಕೆ ಎಂದುಕೊಂಡಿದ್ದೆ.

ನೀರು ಕುಡಿದ ಮೇಲೆ ಅವನು ಎಮಿಲ್‌ನನ್ನು ಮೊದಲ ಸಲ ನೇರವಾಗಿ ನೋಡಿದ. "ಹಾಗಾದ್ರೆ ನಿಮ್ಮಣ್ಣ ಸುಳ್ಳು ಹೇಳಿದ್ನಾ?" ಎಂದು ಕೇಳಿದ. ಆ ದನಿಯಲ್ಲಿ ಚುಚ್ಚು ಇರಲಿಲ್ಲ.

ಎಮಿಲ್ ಸುಟ್ಟ ಕಲೆಯ ಸಂಗತಿ ಹೇಳಿದ. ಅದನ್ನು ಹೇಳುವಾಗ ನನಗೆ ಶೆಡ್ಡಿನಲ್ಲಿ ಹೇಳಿದ್ದಕ್ಕಿಂತ ಒಂದು ಮಾತನ್ನೂ ಹೆಚ್ಚು ಮಾಡಲಿಲ್ಲ. ಗುಜರಿಯವನ ಬ್ಯಾಟರಿಯ ವಿಷಯವನ್ನೂ ಬಿಡಲಿಲ್ಲ. "ಒತ್ತಿದ್ದ ಅಂತ ನಾನು ನಂಬ್ತೀನಿ. ತೋರಿಸೋಕೆ ಆಗಲ್ಲ" ಎಂದು ಮುಗಿಸಿದ.

ಟ್ರಾಟ್‌ಮನ್ ಮೇಜಿನ ಹಾಸಿನ ಅಂಚನ್ನು ಬಹಳ ಹೊತ್ತು ಬೆರಳಲ್ಲಿ ಮಡಿಸಿದ, ಬಿಡಿಸಿದ.

"ಹಿಂದಿನ ದಿನ ಹಿಮ ಕಲೆತ ಮಳೆ ಬಂದಿತ್ತು. ಬೆಳಗಾಗೋದ್ರಲ್ಲಿ ಎಲ್ಲ ಗಟ್ಟಿಯಾಗಿತ್ತು. ನಮ್ಮ ಕಾರಿನ ಬಾಗ್ಲೇ ಹಿಡ್ಕೊಂಡಿತ್ತು, ಪರ್ಲ್ ಒದ್ದು ತೆಗೆದ್ಲು. ನಾನು ಕಿಟಕೀಲಿ ನಿಂತು ನಗ್ತಿದ್ದೆ" ಎಂದ. ಆಮೇಲೆ, "ಆ ವಸಂತದಲ್ಲಿ ನಿಮ್ಮಣ್ಣ ಬಂದು ನನ್ನ ಗೇಟಿನ ಹತ್ರ ನಿಂತಿದ್ದ. ಮಧ್ಯಾಹ್ನ ಎಲ್ಲ ನಿಂತಿದ್ದ. ನಾನು ಹೊರಗೆ ಹೋಗ್ಲಿಲ್ಲ" ಎಂದ.

ಇದು ಎಮಿಲ್‌ಗೆ ಗೊತ್ತಿರಲಿಲ್ಲ. ಮನೆಯವರಿಗೆ ಯಾರಿಗೂ ಗೊತ್ತಿರಲಿಲ್ಲ. ಎಮಿಲ್ ಕಿಟಕಿಯ ಹತ್ತಿರ ಹೋಗಿ ಗೇಟನ್ನು ನೋಡಿದ. ಈಗ ಅಲ್ಲಿ ಬೇರೆ ಗೇಟಿತ್ತು, ಹೊಸ ತಂತಿಯದು.

ಅವರಿಬ್ಬರು ಸ್ನೇಹಿತರಾದರು ಎಂದೇನೂ ಇಲ್ಲ. ಆದರೆ ಟ್ರಾಟ್‌ಮನ್ ಆ ಬೇಸಿಗೆಯಲ್ಲಿ ಅಗ್ನಿಶಾಮಕ ದಳದವರು ಹಣ ಕೂಡಿಸಲು ಬೀದಿಯಲ್ಲಿ ಏರ್ಪಡಿಸುವ ಊಟಕ್ಕೆ ಊರುಗೋಲು ಹಿಡಿದು ಬಂದ. ಆಲೂಗಡ್ಡೆ ದೋಸೆಗೆ ಸಾಲು ನಿಂತಿದ್ದ ಜನರ ನಡುವೆ ದಳದ ಮುಖ್ಯಸ್ಥನನ್ನು ಹಿಡಿದು ನಿಲ್ಲಿಸಿ, ವಾಸಿಲ್ ಹಾವ್ರಿಲಾ ಗುಂಡಿ ಒತ್ತಿದ್ದ, ಚಳಿಗೆ ಸೈರನ್ ಹಿಡಿದುಕೊಂಡಿತ್ತು, ನಾನು ಅವನಿಗೆ ಅನ್ಯಾಯ ಮಾಡಿದೆ ಎಂದು ಹೇಳಿದ. ತೋರಿಸಲಾಗದ್ದನ್ನು ಎಮಿಲ್ ಖಾತ್ರಿಯೆಂದು ಹೇಳದೆ ಉಳಿದಿದ್ದ, ಟ್ರಾಟ್‌ಮನ್ ಹೇಳಿಬಿಟ್ಟ. ಮುಖ್ಯಸ್ಥನಿಗೆ ಮೂವತ್ತೈದು ವಯಸ್ಸಿರಬೇಕು. ಮರ್ಯಾದೆಯಿಂದ ಕೇಳಿಸಿಕೊಂಡ, ಹೌದಾ ತಾತ ಎಂದ, ಕೂರಲು ಕುರ್ಚಿ ತರಿಸಿದ. ವಾಸಿಲ್ ಯಾರು ಎಂದು ಅವನಿಗೆ ಗೊತ್ತಿರಲಿಲ್ಲ. ಬಾರಿನಲ್ಲಿ ತುಟಿ ಚೂಪು ಮಾಡಿ ಕೂಗಿದವರೆಲ್ಲ ಆ ಹೊತ್ತಿಗೆ ಗುಡ್ಡದ ಮೇಲಿನ ಸಮಾಧಿಗಳಲ್ಲಿದ್ದರು. ಎಮಿಲ್ ಅಲ್ಲೇ ಪಕ್ಕದಲ್ಲಿ ಕಾಗದದ ತಟ್ಟೆ ಹಿಡಿದು ನಿಂತಿದ್ದ. ತಿನ್ನದೆ ತಟ್ಟೆಯನ್ನು ನನ್ನ ಕೈಗೆ ಕೊಟ್ಟ. ಮನೆಗೆ ಹೋಗುವ ದಾರಿಯಲ್ಲಿ, "ಕೇಳಿಸ್ಕೊಳ್ಳೋರು ಇದ್ದಾಗ ಸಿಗ್ಬೇಕಿತ್ತು" ಎಂದಷ್ಟೇ ಹೇಳಿದ.

ಟ್ರಾಟ್‌ಮನ್ ಆ ಚಳಿಗಾಲದಲ್ಲಿ ತೀರಿಹೋದ. ಎಮಿಲ್ ಹೆಣ ಹೊರುವವರಲ್ಲಿ ಒಬ್ಬನಾದ. ಗುಡ್ಡ ಹತ್ತುವಾಗ ಕಾಲು ಜಾರಿದರೂ ಪೆಟ್ಟಿಗೆಯ ಹಿಡಿಕೆ ಬಿಡಲಿಲ್ಲ.

ಶೆಡ್ಡಿಗೆ ಅವನು ಹೋಗುವುದು ಕಡಿಮೆಯಾಯಿತು. ಯಾರಾದರೂ ದೂರದಿಂದ ದೀಪ ತಂದು ತೋರಿಸಿದರೆ ನೋಡಿ ವರ್ಷ ಹೇಳುತ್ತಿದ್ದ, ತಾನಾಗಿ ಏನನ್ನೂ ಕೊಳ್ಳಲಿಲ್ಲ. ಇನ್ನು ಹುಡುಕುವುದಕ್ಕೆ ಏನೂ ಉಳಿದಿಲ್ಲದ ಮನುಷ್ಯ ಹೇಗಿರುತ್ತಾನೆ ಎನ್ನುವುದನ್ನು ನಾನು ಆಗ ನೋಡಿದೆ. ಬೆಳಿಗ್ಗೆ ಎದ್ದು ಕಾಫಿ ಕುಡಿದು ಮೇಜಿನ ಮುಂದೆ ಹಾಗೇ ಕೂತಿರುತ್ತಿದ್ದ.

ಮುಂದಿನ ಮೇ ತಿಂಗಳಲ್ಲಿ ಕ್ಲೀವ್‌ಲ್ಯಾಂಡಿಗೆ ಹೋಗೋಣ ಎಂದು ನಾನೇ ಹೊರಡಿಸಿದೆ. ವಾಸಿಲ್‌ನ ಮಣ್ಣಿನ ದಿನ ಬಿಟ್ಟರೆ ಎಮಿಲ್ ಅಲ್ಲಿಗೆ ಹೋಗಿರಲಿಲ್ಲ. ಸಮಾಧಿಯನ್ನು ಹುಡುಕಲು ಸ್ವಲ್ಪ ಹೊತ್ತು ಹಿಡಿಯಿತು. ಕಾರ್ಖಾನೆಯ ಜೊತೆಗಾರರು ಸೇರಿ ಹಾಕಿಸಿದ್ದ ಚಿಕ್ಕ ಕಲ್ಲು ಒಂದು ಪಕ್ಕ ನೆಲಕ್ಕೆ ಇಳಿದುಹೋಗಿತ್ತು, ಹೆಸರಿನ ಅರ್ಧ ಹುಲ್ಲಿನಲ್ಲಿ ಮುಚ್ಚಿತ್ತು. ಎಮಿಲ್ ಕಾರಿನ ಡಿಕ್ಕಿಯಿಂದ ಸಬ್ಬಲ್ ತಂದ. ಕಲ್ಲನ್ನು ಮೀಟಿ ಎತ್ತಿ ಹಿಡಿ ಎಂದು ನನಗೆ ಹೇಳಿ, ಮಂಡಿಯೂರಿ ಕೂತು ಅಡಿಗೆ ಜಲ್ಲಿ ತುಂಬಿದ. ಮತ್ತೆ ಇಳಿಸಿದಾಗ ಮಟ್ಟಸವಾಗಿದೆಯೇ ಎಂದು ಅಂಗೈ ಇಟ್ಟು ನೋಡಿದ. ಇನ್ನೂ ಸ್ವಲ್ಪ ವಾಲಿದೆ ಎಂದು ಮತ್ತೆ ಎತ್ತಿಸಿದ.

ಕೆಲಸ ಮುಗಿದ ಮೇಲೂ ಮಂಡಿಯೂರಿಯೇ ಇದ್ದ. ನಾನು ಪ್ರಾರ್ಥನೆ ಮಾಡುತ್ತಿದ್ದಾನೆ ಎಂದುಕೊಂಡು ಆಚೆ ಸರಿದೆ. ಅವನು ಅಣ್ಣನ ಜೊತೆ ಮಾತಾಡುತ್ತಿದ್ದ, ನಮ್ಮ ಹಿರಿಯರು ಕಡಲಾಚೆಯಿಂದ ತಂದ ಹಳೆಯ ಮನೆಮಾತಿನಲ್ಲಿ. ಅವರಮ್ಮ ಹೋದಂದಿನಿಂದ ಅವನ ಬಾಯಲ್ಲಿ ಅದನ್ನು ನಾನು ಕೇಳಿರಲಿಲ್ಲ.

"ಅಣ್ಣಾ, ಅದು ಕೂಗ್ಲಿಲ್ಲ" ಎಂದ. "ನೀನು ಒತ್ತಿದ್ದೆ. ಆದ್ರೆ ಅದು ಕೂಗ್ಲಿಲ್ಲ."

ಏಳಲು ಕೈ ಚಾಚಿದ. ನಾನು ಹಿಡಿದು ಎಬ್ಬಿಸಿದೆ. ಅವನ ಮಂಡಿಗಳಿಗೆ ಒದ್ದೆ ಮಣ್ಣು ಮೆತ್ತಿತ್ತು. ಅದನ್ನು ಕೊಡವಿಕೊಳ್ಳದೆಯೇ ಕಾರಿನ ಕಡೆ ನಡೆದ.